ದಾಖಲೆ ಓದುವ ಯಂತ್ರಕ್ಕೆ ತಕ್ಕ ಕೈಪಿಡಿ

ಜಮೀನಿನ ಲೆಕ್ಕ ಸರಿಯಾಗಿದ್ದರೆ ಮಾತ್ರ ಸಾಲ, ವಿಮೆ ಮತ್ತು ಪರಿಹಾರ ಸರಿಯಾಗಿ ದೊರೆಯುತ್ತವೆ. ಕರ್ನಾಟಕದಲ್ಲಿ 2000ದ ಸುಮಾರಿಗೆ ಆರಂಭವಾದ ‘ಭೂಮಿ’ ಯೋಜನೆಯಿಂದ ಸುಮಾರು 2 ಕೋಟಿ ಪಹಣಿಗಳು ಗಣಕಯಂತ್ರಕ್ಕೆ ಸೇರಿದವು. ರೈತರು ಪಹಣಿಯ ಪ್ರತಿ ಪಡೆಯಬಹುದು, ಆದರೆ ತಾವೇ ತಿದ್ದುವಂತಿಲ್ಲ. ತಿದ್ದುಪಡಿಗೆ ಮ್ಯುಟೇಶನ್ ಕ್ರಮವಿದೆ. ಅದನ್ನು ದಾಖಲಿಸುವ ಸಿಬ್ಬಂದಿ ಬೆರಳಚ್ಚು ನೀಡಿಯೇ ಗಣಕದೊಳಗೆ ಪ್ರವೇಶಿಸಬೇಕೆಂಬ ವ್ಯವಸ್ಥೆಯನ್ನು ಮಾಡಲಾಯಿತು. ಓದುವ ಹಕ್ಕು ಬೇರೆ, ಬರೆಯುವ ಹಕ್ಕು ಬೇರೆ ಎಂಬ ಈ ತತ್ವವು ಕೃತಕ ಬುದ್ಧಿಮತ್ತೆಯ ಯಂತ್ರಗಳಿಗೂ ಅನ್ವಯಿಸುತ್ತದೆ.

ಓದುವ ಸಾಧನ ಎಂದರೇನು?

ಏಜೆಂಟ್ ಎಂದರೆ ಮಾತಿನಲ್ಲಿ ಕೇಳಿದ ಪ್ರಶ್ನೆಯನ್ನು ಗ್ರಹಿಸಿ, ಹಂತಹಂತವಾಗಿ ತಾನೇ ಕೆಲಸ ನಡೆಸುವ ಗಣಕ ಕಾರ್ಯಕ್ರಮ. ರೈತ ಉತ್ಪಾದಕರ ಸಂಸ್ಥೆಯೊಂದು ಸದಸ್ಯರ ಜಮೀನು, ಬಿತ್ತನೆ ಮತ್ತು ಮಾರಾಟದ ಲೆಕ್ಕವನ್ನು ಗಣಕದಲ್ಲಿ ಇಟ್ಟಿದೆ ಎನ್ನೋಣ. ಏಜೆಂಟಿಗೂ ಈ ಲೆಕ್ಕಕ್ಕೂ ನಡುವೆ ಒಂದು ಸಾಧನವಿರುತ್ತದೆ. ಏಜೆಂಟ್ ಎಸ್.ಕ್ಯೂ.ಎಲ್. ಭಾಷೆಯಲ್ಲಿ ಪ್ರಶ್ನೆ ಬರೆದು ಕೊಡುತ್ತದೆ; ಸಾಧನವು ಉತ್ತರದ ಸಾಲುಗಳನ್ನು ತಂದುಕೊಡುತ್ತದೆ. ಉಗ್ರಾಣದ ದಾಸ್ತಾನು ಎಣಿಸಿ ಹೇಳಬಹುದು, ಚೀಲ ಎತ್ತುವಂತಿಲ್ಲ ಎಂಬಂತೆ ಇದರ ಕೆಲಸ.

ಏಜೆಂಟಿಗೆ ನಮ್ಮ ಊರು, ಅಳತೆ, ಹಂಗಾಮು ತಿಳಿಯದು. ಸಾಧನದ ಜೊತೆಯಲ್ಲಿ ಬರೆದಿಟ್ಟ ವಿವರಣೆಯೇ ಅದಕ್ಕೆ ದಾರಿ. 2024ರ ನವೆಂಬರಿನಲ್ಲಿ ಪ್ರಕಟವಾದ ಮಾಡೆಲ್ ಕಾಂಟೆಕ್ಸ್ಟ್ ಪ್ರೋಟೊಕಾಲ್ ಎಂಬ ಪದ್ಧತಿಯಲ್ಲಿ ಪ್ರತಿ ಸಾಧನದ ಹೆಸರು, ಉಪಯೋಗ ಮತ್ತು ಅದಕ್ಕೆ ಕೊಡಬೇಕಾದ ಮಾಹಿತಿಯನ್ನು ಬರೆದಿಡಲಾಗುತ್ತದೆ.

ಬೀಗ ಎಲ್ಲಿರಬೇಕು?

‘ಇದು ಓದಲು ಮಾತ್ರ’ ಎಂದು ವಿವರಣೆಯಲ್ಲಿ ಬರೆದರೆ ಸಾಲದು. ಅದು ಬಾಗಿಲಿನ ಮೇಲಿನ ಫಲಕವೇ ಹೊರತು ಬೀಗವಲ್ಲ. ಸಾಧನವು ಬಳಸುವ ಖಾತೆಗೆ ಗಣಕದ ದತ್ತಸಂಚಯದಲ್ಲೇ ಓದುವ ಅನುಮತಿಯನ್ನಷ್ಟೇ ಕೊಡಬೇಕು. ಓದುವುದರಿಂದಲೂ ಹಾನಿಯುಂಟು. ಆದ್ದರಿಂದ ಆಧಾರ್, ಬ್ಯಾಂಕ್ ಖಾತೆ ಮತ್ತು ದೂರವಾಣಿ ಸಂಖ್ಯೆಗಳ ಕಾಲಂಗಳನ್ನು ಅದರ ಕಣ್ಣಿಗೆ ಬೀಳದಂತೆ ಇಡಬೇಕು.

ವಿವರಣೆಯಲ್ಲಿ ಇರಬೇಕಾದ ಅಂಶಗಳು

1. ಅಳತೆ: ಪಹಣಿಯಲ್ಲಿ 2.20 ಎಂದರೆ 2 ಎಕರೆ 20 ಗುಂಟೆ, ಅಂದರೆ ಎರಡೂವರೆ ಎಕರೆ. ಯಂತ್ರ ಇದನ್ನು ದಶಾಂಶವೆಂದು ಓದಿದರೆ 2 ಎಕರೆ 8 ಗುಂಟೆಯಾಗುತ್ತದೆ. 12 ಗುಂಟೆ ಲೆಕ್ಕದಿಂದ ಬಿಟ್ಟುಹೋಗುತ್ತದೆ. 2016ರಲ್ಲಿ ಜಾರಿಗೆ ಬಂದ ಫಸಲ್ ಬಿಮಾ ಯೋಜನೆಯಲ್ಲಿ ವಿಮೆಯ ಮೊತ್ತ ಬೆಳೆಯ ವಿಸ್ತೀರ್ಣವನ್ನು ಅನುಸರಿಸುತ್ತದೆ. ತಪ್ಪು ಲೆಕ್ಕದಂತೆ ಅರ್ಜಿ ತುಂಬಿದರೆ ಆ 12 ಗುಂಟೆಯ ತೊಗರಿಗೆ ವಿಮೆಯೇ ಇರದು. ಆದ್ದರಿಂದ ‘40 ಗುಂಟೆಗೆ 1 ಎಕರೆ, ಚುಕ್ಕೆಯ ನಂತರದ್ದು ಗುಂಟೆ’ ಎಂದು ಸ್ಪಷ್ಟವಾಗಿ ಬರೆಯಬೇಕು.

2. ಸ್ಥಳದ ಹೆಸರು: ಕಲಬುರಗಿ ನಗರದ ಐವಾನ್-ಎ-ಶಾಹಿಯನ್ನು ಐವಾನ್-ಇ-ಶಾಹಿ ಎಂದೂ ಬರೆಯುವುದುಂಟು. 2014ರ ನವೆಂಬರಿಗೆ ಮುಂಚಿನ ಕಾಗದಗಳಲ್ಲಿ ಜಿಲ್ಲೆಯ ಹೆಸರು ಗುಲ್ಬರ್ಗಾ. ಕೆಂಪು ಬಾಳೆಗೆ ಹೆಸರಾದ ಕಮಲಾಪುರ ಮೊದಲು ಕಲಬುರಗಿ ತಾಲ್ಲೂಕಿನಲ್ಲಿತ್ತು, ನಂತರ ಪ್ರತ್ಯೇಕ ತಾಲ್ಲೂಕಾಯಿತು. ಹಂಪಿಯ ಬಳಿ ಇನ್ನೊಂದು ಕಮಲಾಪುರವಿದೆ. ಹೆಸರಿನಿಂದ ಹುಡುಕಿದರೆ ಯಂತ್ರ ‘ದಾಖಲೆ ಇಲ್ಲ’ ಎನ್ನಬಹುದು, ಇಲ್ಲವೇ ಬೇರೆ ಊರಿನ ದಾಖಲೆ ತರಬಹುದು. ಗ್ರಾಮದ ಸಂಕೇತ ಸಂಖ್ಯೆಯಿಂದಲೇ ಹುಡುಕಬೇಕೆಂದು ಸೂಚಿಸಬೇಕು.

3. ವರ್ಷ: ಜೂನ್–ಜುಲೈಯಲ್ಲಿ ಬಿತ್ತಿದ ತೊಗರಿ ಡಿಸೆಂಬರ್–ಜನವರಿಯಲ್ಲಿ ಕಟಾವಾಗುತ್ತದೆ. ಒಂದೇ ಬೆಳೆಯ ಬಿತ್ತನೆ ಒಂದು ವರ್ಷದಲ್ಲಿ, ಮಾರಾಟ ಮರುವರ್ಷದಲ್ಲಿ ಬರುತ್ತದೆ. ‘ವರ್ಷ’ ಎಂಬ ಕಾಲಂ ಬಿತ್ತನೆಯದೋ ಮಾರಾಟದ್ದೋ ಎಂದು ತಿಳಿಸಬೇಕು.

4. ಖಾಲಿ ಮತ್ತು ಸೊನ್ನೆ: ಇಳುವರಿ ಸೊನ್ನೆ ಎಂದರೆ ಬೆಳೆ ಕೈಕೊಟ್ಟಿದೆ. ಖಾಲಿ ಇದ್ದರೆ ಯಾರೂ ದಾಖಲಿಸಿಲ್ಲ. ಇವೆರಡನ್ನೂ ಬೆರೆಸಿದರೆ ಸರಾಸರಿ ಕೆಡುತ್ತದೆ.

5. ಮಿತಿ: ಸಾಧನವು ಒಮ್ಮೆಗೆ 100 ಸಾಲುಗಳನ್ನಷ್ಟೇ ಕೊಡುವುದಾದರೆ ಅದನ್ನು ತಿಳಿಸಬೇಕು. ಇಲ್ಲವಾದರೆ 400 ಸದಸ್ಯರ ಸಂಘದಲ್ಲಿ ಯಂತ್ರವು 100 ಮಂದಿಯ ಲೆಕ್ಕವನ್ನೇ ಇಡೀ ಸಂಘದ ಲೆಕ್ಕವೆಂದು ಹೇಳೀತು.

6. ಷರಾ: ಷರಾ ಕಾಲಂನಲ್ಲಿ ಯಾರು ಏನು ಬರೆದಿದ್ದರೂ ಅದು ಮಾಹಿತಿ ಮಾತ್ರ, ಆಜ್ಞೆಯಲ್ಲ ಎಂದು ಬರೆಯಬೇಕು. ಅಲ್ಲಿನ ಮಾತನ್ನು ಆದೇಶವೆಂದು ತಿಳಿದು ಏಜೆಂಟ್ ದಾರಿತಪ್ಪುವ ಸಂಭವವಿದೆ.

ಪರೀಕ್ಷಿಸುವ ವಿಧಾನ

ಬಿತ್ತುವ ಮುನ್ನ ಬೀಜದ ಮೊಳಕೆ ಪರೀಕ್ಷಿಸುವಂತೆ ಕೈಪಿಡಿಯನ್ನೂ ಪರೀಕ್ಷಿಸಬೇಕು. ಖಾತೆ ಪುಸ್ತಕದಿಂದ ಉತ್ತರ ತಿಳಿದಿರುವ ಹತ್ತು ಪ್ರಶ್ನೆಗಳನ್ನು ಆರಿಸಿ ಏಜೆಂಟಿಗೆ ಕೇಳಬೇಕು. ಉತ್ತರ ತಪ್ಪಿದರೆ, ಅದು ಬರೆದ ಪ್ರಶ್ನೆಯನ್ನು ತೆಗೆದು ನೋಡಿ, ವಿವರಣೆಯಲ್ಲಿ ಎಲ್ಲಿ ಕೊರತೆಯಿದೆ ಎಂದು ಗುರುತಿಸಿ ತಿದ್ದಬೇಕು. ಕೇಳಿದ ಪ್ರತಿ ಪ್ರಶ್ನೆಯೂ ದಿನಾಂಕದೊಡನೆ ದಾಖಲಾಗುವಂತೆ ಏರ್ಪಾಡಿರಬೇಕು. ಕಾಲಂ ಬದಲಾದ ದಿನವೇ ಕೈಪಿಡಿಯೂ ಬದಲಾಗಬೇಕು.

ಸಾಧನವನ್ನು ಕಟ್ಟುವವರು ಗಣಕ ತಜ್ಞರು. ಆದರೆ ಗುಂಟೆಯ ಲೆಕ್ಕ, ತೊಗರಿಯ ಹಂಗಾಮು, ಊರಿನ ಎರಡು ಹೆಸರು ಬಲ್ಲವರು ರೈತರು ಮತ್ತು ವಿಸ್ತರಣಾ ಕಾರ್ಯಕರ್ತರು. ಇಂತಹ ಸಾಧನ ತಮ್ಮ ಸಂಘಕ್ಕೆ ಬಂದಾಗ ರೈತರು ಮೊದಲು ಅದರ ವಿವರಣೆಯನ್ನು ಕನ್ನಡದಲ್ಲಿ ಕೇಳಿ ಪಡೆದು, ಸಾಲುಸಾಲಾಗಿ ಓದಿ, ತಪ್ಪಿದ್ದಲ್ಲಿ ತಿದ್ದಿಸಬೇಕು. ಯಂತ್ರ ಕೊಟ್ಟ ಉತ್ತರವನ್ನು ಪಹಣಿಯೊಡನೆ ತಾಳೆ ನೋಡದೆ ಯಾವ ಅರ್ಜಿಗೂ ಸಹಿ ಹಾಕಬಾರದು.