ಹಿಂಡಿಯೊಳಗಿನ ಹಳದಿಯ ಲೆಕ್ಕ

ಹತ್ತಿಕಾಳನ್ನು ಸೀಳಿ ನೋಡಿ. ಬೆಳ್ಳನೆಯ ತಿರುಳಿನ ತುಂಬ ಸಣ್ಣ ಸಣ್ಣ ಕಪ್ಪು ಚುಕ್ಕೆಗಳು. ಒಂದೊಂದು ಚುಕ್ಕೆಯೂ ಒಂದು ಗ್ರಂಥಿ. ಅದರೊಳಗೆ ಗಾಸಿಪಾಲ್ ಎಂಬ ಹಳದಿ ವಸ್ತುವಿದೆ. ಕೀಟಗಳನ್ನು ದೂರವಿಡಲು ಗಿಡ ತಾನೇ ಕಟ್ಟಿಕೊಂಡ ವಿಷವದು.

ಉತ್ತರ ಕರ್ನಾಟಕದ ಎಮ್ಮೆ, ಆಕಳುಗಳಿಗೆ ಹತ್ತಿಕಾಳು, ಹಿಂಡಿ ಹೊಸದಲ್ಲ. ಮೆಲುಕು ಹಾಕುವ ದೊಡ್ಡ ದನಗಳ ಹೊಟ್ಟೆಯಲ್ಲಿ ಈ ವಿಷ ಪ್ರೋಟೀನಿಗೆ ಅಂಟಿ ಬಹುಮಟ್ಟಿಗೆ ಶಕ್ತಿ ಕಳೆದುಕೊಳ್ಳುತ್ತದೆ. ಎಳೆಗರು, ಹಂದಿ, ಕೋಳಿಗೆ ಆ ರಕ್ಷಣೆಯಿಲ್ಲ. ಹಂದಿಯ ಹೃದಯಕ್ಕೇ ಪೆಟ್ಟು ಬೀಳಬಹುದು. ಕೋಳಿಮೊಟ್ಟೆಯ ಹಳದಿ ಹಸಿರುಗಟ್ಟಬಹುದು. ಹೀಗಾಗಿಯೇ ಪ್ರಯೋಗಾಲಯದ ಮಾತು ಬರುವುದು.

ಗಾಸಿಪಾಲ್ ಎರಡು ಬಗೆಯಾಗಿ ಇರುತ್ತದೆ: ಬಿಡಿಯಾಗಿ, ಇಲ್ಲವೇ ಪ್ರೋಟೀನಿಗೆ ಬಂಧಿತವಾಗಿ. ಅಪಾಯ ಹೆಚ್ಚು ಬಿಡಿಯದ್ದೇ. ಅದನ್ನು ತಿಳಿಯಲು ಪುಡಿ ಮಾಡಿದ ಹಿಂಡಿಯನ್ನು ನೀರು ಬೆರೆಸಿದ ಅಸಿಟೋನಿನಲ್ಲಿ ಕುಲುಕಿ ಸೋಸುತ್ತಾರೆ. ಸೋಸಿದ್ದರಲ್ಲಿ ಎರಡು ಪಾಲು ಮಾಡಿ, ಒಂದಕ್ಕೆ ಮಾತ್ರ ಅನಿಲಿನ್ ಹಾಕಿ ಕುದಿನೀರಿನಲ್ಲಿಟ್ಟು ಕಾಯಿಸುತ್ತಾರೆ. ಆ ಪಾಲು ಗಾಢ ಹಳದಿಗೆ ತಿರುಗುತ್ತದೆ. 440 ನ್ಯಾನೊಮೀಟರ್ ಬೆಳಕನ್ನು ಅದು ಎಷ್ಟು ಹೀರಿತೆಂದು ಸ್ಪೆಕ್ಟ್ರೋಫೋಟೋಮೀಟರ್ ಹೇಳುತ್ತದೆ. ಅನಿಲಿನ್ ಹಾಕದ ಪಾಲೇಕೆ? ಕಾಳಿನಲ್ಲಿ ಬೇರೆ ಬಣ್ಣಗಳೂ ಇವೆ. ಅವುಗಳ ಪಾಲನ್ನು ಕಳೆದರೆ ಮಾತ್ರ ಲೆಕ್ಕ ಸರಿಹೋಗುತ್ತದೆ. ಈ ಒಂದು ಕಳೆಯುವಿಕೆಯಲ್ಲಿ ಇಡೀ ವಿಧಾನದ ಪ್ರಾಮಾಣಿಕತೆ ಇದೆಯೆಂದು ನನಗನಿಸುತ್ತದೆ.

ಒಟ್ಟು ಗಾಸಿಪಾಲ್ ಬೇಕಾದರೆ ಅಮಿನೋಪ್ರೊಪನಾಲ್ ಸೇರಿಸಿ ಬಿಸಿ ಮಾಡಿ, ಬಂಧಿತವಾದದ್ದನ್ನೂ ಬಿಡಿಸಬೇಕು. ಈಚಿನ ದಶಕಗಳಲ್ಲಿ, ದ್ರಾವಣದೊಳಗಿನ ವಸ್ತುಗಳನ್ನು ಬೇರ್ಪಡಿಸಿ ಅಳೆಯುವ ಎಚ್‌ಪಿಎಲ್‌ಸಿ ಯಂತ್ರ ಬಂದಿದೆ. ಗಾಸಿಪಾಲ್ ಅಣುವಿಗೆ ಎಡಗೈ, ಬಲಗೈಯಂತೆ ಎರಡು ರೂಪಗಳುಂಟು. ಯಂತ್ರ ಅವನ್ನೂ ಬೇರ್ಪಡಿಸಿ ತೋರಿಸುತ್ತದೆ. ವಿಷದ ಬಿರುಸು ಹೆಚ್ಚಾಗಿ ಎಡದ್ದರಲ್ಲಿ.

ಮನುಷ್ಯರ ಆಹಾರಕ್ಕೆ ಬಳಸುವ ಹತ್ತಿಬೀಜದ ಉತ್ಪನ್ನದಲ್ಲಿ ಬಿಡಿ ಗಾಸಿಪಾಲ್ ಹತ್ತು ಲಕ್ಷಕ್ಕೆ 450 ಭಾಗ ಮೀರಬಾರದೆಂದು ಅಮೆರಿಕದ ನಿಯಮವಿದೆ. ಟೆಕ್ಸಾಸ್ ಎ ಅಂಡ್ ಎಂ ವಿಶ್ವವಿದ್ಯಾಲಯದ ಕೀರ್ತಿ ರಾಥೋರ್ ತಂಡ ಬೀಜದಲ್ಲಷ್ಟೇ ಗಾಸಿಪಾಲ್ ತಗ್ಗಿಸಿ, ಎಲೆಯಲ್ಲಿ ಉಳಿಸಿದ ಹತ್ತಿಯನ್ನು ರೂಪಿಸಿತು. 2018ರಲ್ಲಿ ಅಮೆರಿಕದ ಕೃಷಿ ಇಲಾಖೆ ಅದರ ಬೇಸಾಯಕ್ಕೆ ದಾರಿ ಬಿಟ್ಟಿತು.

ಹಿಂಡಿಯ ವರದಿಯಲ್ಲಿ ಬಿಡಿಯ ಅಂಕಿ ಕಡಿಮೆ ಇದೆಯೆಂದು ಸಮಾಧಾನಪಡುವುದು ಅರ್ಧ ತಿಳಿವಳಿಕೆ. ಎಣ್ಣೆ ಗಿರಣಿಯ ಬಿಸಿ ಹೆಚ್ಚಾದಾಗ ಬಿಡಿ ಗಾಸಿಪಾಲ್ ಪ್ರೋಟೀನಿನ ಲೈಸಿನ್ ಎಂಬ ಅಮೈನೋ ಆಮ್ಲಕ್ಕೆ ಅಂಟಿಕೊಳ್ಳುತ್ತದೆ. ವಿಷ ತಗ್ಗಿದಂತೆ ಪೋಷಣೆಯೂ ತಗ್ಗುತ್ತದೆ. ಕರುವಿಗೋ ಕೋಳಿಗೋ ಹತ್ತಿ ಹಿಂಡಿ ಬೆರೆಸುವವರು ಬಿಡಿ, ಒಟ್ಟು ಎರಡೂ ಅಂಕಿಗಳನ್ನು ಕೇಳಿ ಪಡೆಯಬೇಕು.