ಮಹಡಿ ಮನೆಯಲ್ಲಿ ಸಿಹಿ ಈರುಳ್ಳಿ

ಮುಂಬಯಿಯ ಗ್ರಾಂಟ್ ರೋಡ್ ಬಡಾವಣೆಯಲ್ಲಿ ಅಂಗಳವುಳ್ಳ ಮನೆಗಳು ವಿರಳ. ಹಳೆಯ ಚಾಳುಗಳ ಗ್ಯಾಲರಿ, ಕಿಟಕಿಯ ಕಟ್ಟೆ, ಕೆಲವೆಡೆ ತಾರಸಿ, ಇವೇ ಇಲ್ಲಿನ ಕುಟುಂಬಗಳ ಕೈತೋಟ. ಇಷ್ಟು ಕಿರಿದಾದ ಸ್ಥಳದಲ್ಲಿಯೂ ಸಿಹಿ ಈರುಳ್ಳಿಯನ್ನು ಬೆಳೆಯಬಹುದು. ಆದರೆ ಬೀಜದ ಆಯ್ಕೆ ತಪ್ಪಿದರೆ ಆರು ತಿಂಗಳ ಶ್ರಮಕ್ಕೆ ಹಸಿರೆಲೆಯ ಹೊರತು ಬೇರೇನೂ ದೊರೆಯದು.

ಸಿಹಿಗೆ ಕಾರಣವೇನು?

ಸಿಹಿ ಈರುಳ್ಳಿಯಲ್ಲಿ ಸಕ್ಕರೆಯ ಅಂಶ ಹೆಚ್ಚಾಗಿರಲೇಬೇಕೆಂದಿಲ್ಲ. ಅದರಲ್ಲಿ ಘಾಟು ಕಡಿಮೆ. ಆದುದರಿಂದ ಇರುವ ಸಿಹಿಯು ನಾಲಗೆಗೆ ತಿಳಿಯುತ್ತದೆ. ಗಡ್ಡೆಯನ್ನು ಹೆಚ್ಚಿದಾಗ ಅದರ ಜೀವಕೋಶಗಳು ಒಡೆದು, ಗಂಧಕಯುಕ್ತ ಸಂಯುಕ್ತಗಳ ಮೇಲೆ ಕಿಣ್ವವು ವರ್ತಿಸುತ್ತದೆ. ಇದರಿಂದ ಉಂಟಾಗುವ ಆವಿಯೇ ಕಣ್ಣೀರು ಬರಿಸುತ್ತದೆ. ಗಿಡವು ಮಣ್ಣಿನಿಂದ ಹೀರುವ ಗಂಧಕ ಕಡಿಮೆಯಾದಷ್ಟೂ ಘಾಟು ಇಳಿಯುತ್ತದೆ. ಅಮೆರಿಕದ ಜಾರ್ಜಿಯಾ ರಾಜ್ಯದ ವಿಡೇಲಿಯಾ ಈರುಳ್ಳಿಯ ಸೌಮ್ಯ ರುಚಿಗೆ ಅಲ್ಲಿನ ಮಣ್ಣಿನಲ್ಲಿ ಗಂಧಕ ಅಲ್ಪವಾಗಿರುವುದೇ ಮುಖ್ಯ ಕಾರಣ.

ಹಗಲಿನ ಅವಧಿ ಮತ್ತು ತಳಿ

ಈರುಳ್ಳಿಯು ಹಗಲಿನ ಅವಧಿಯನ್ನು ಅನುಸರಿಸಿ ಗಡ್ಡೆ ಕಟ್ಟುವ ಬೆಳೆ. ಶೀತದೇಶಗಳ ದೀರ್ಘ ಹಗಲಿನ ತಳಿಗಳಿಗೆ ಸುಮಾರು 14 ಗಂಟೆ ಅಥವಾ ಅದಕ್ಕೂ ಹೆಚ್ಚಿನ ಹಗಲು ಬೇಕು. ಮುಂಬಯಿಯಲ್ಲಿ ಡಿಸೆಂಬರಿನ ಹಗಲು ಸುಮಾರು 11 ಗಂಟೆ. ಜೂನ್ ತಿಂಗಳಲ್ಲಿಯೂ ಅದು 13 ಗಂಟೆಯನ್ನು ಸ್ವಲ್ಪವೇ ಮೀರುತ್ತದೆ. ಆದುದರಿಂದ ವಾಲಾ ವಾಲಾದಂತಹ ವಿದೇಶೀ ದೀರ್ಘ ಹಗಲಿನ ಬೀಜವು ಇಲ್ಲಿ ಎಲೆ ಬಿಟ್ಟೀತೇ ಹೊರತು ಗಡ್ಡೆ ಕಟ್ಟದು.

ತಕ್ಕ ತಳಿಯು ದೂರದಲ್ಲೇನೂ ಇಲ್ಲ. ಕೊಲ್ಲಿಯ ಆಚೆಯ ದಡದ ಅಲಿಬಾಗ್ ತಾಲ್ಲೂಕಿನಲ್ಲಿ ಭತ್ತದ ಕೊಯ್ಲಿನ ನಂತರ ಬಿಳಿ ಈರುಳ್ಳಿಯನ್ನು ಬೆಳೆಯುತ್ತಾರೆ. ಘಾಟು ಕಡಿಮೆಯಿರುವ ಈ ಈರುಳ್ಳಿಗೆ 2021ರಲ್ಲಿ ಭೌಗೋಳಿಕ ಗುರುತಿನ ಮಾನ್ಯತೆ ದೊರೆಯಿತು. ಜಡೆಯಂತೆ ಹೆಣೆದ ಇದರ ಗೊಂಚಲುಗಳು ಬೇಸಿಗೆಯಲ್ಲಿ ಮುಂಬಯಿಯ ಪೇಟೆಗಳಿಗೆ ಬರುತ್ತವೆ. ಪೇಟೆಯಿಂದ ತಂದ ಗಡ್ಡೆಯನ್ನೇ ಕುಂಡದಲ್ಲಿ ಹೂಳುವುದು ಸರಿಯಲ್ಲ. ಅದು ಹೂದಂಟು ಬಿಡುತ್ತದೆ, ಒಳ್ಳೆಯ ಗಡ್ಡೆ ಕೊಡದು. ಬೀಜವನ್ನೇ ಬಿತ್ತಬೇಕು. ಅಲಿಬಾಗಿನ ಬೀಜ ದೊರೆಯದಿದ್ದಲ್ಲಿ, ಪುಣೆ ಜಿಲ್ಲೆಯ ರಾಜಗುರುನಗರದಲ್ಲಿರುವ ಈರುಳ್ಳಿ ಮತ್ತು ಬೆಳ್ಳುಳ್ಳಿ ಸಂಶೋಧನಾ ನಿರ್ದೇಶನಾಲಯದ ಬಿಳಿ ತಳಿ 'ಭೀಮಾ ಶ್ವೇತಾ'ವನ್ನು ಬಳಸಬಹುದು. ಈರುಳ್ಳಿ ಬೀಜದ ಮೊಳೆಯುವ ಶಕ್ತಿ ಬೇಗನೆ ಕುಂದುವುದರಿಂದ ಅದೇ ವರ್ಷದ ಬೀಜವನ್ನೇ ಕೊಳ್ಳಬೇಕು.

ಬಿತ್ತನೆ ಮತ್ತು ಆರೈಕೆ

ಮಳೆಗಾಲ ಮುಗಿದ ಮೇಲೆ, ಅಕ್ಟೋಬರ್ ಮಧ್ಯದಲ್ಲಿ, ಅಗಲವಾದ ತಟ್ಟೆಯಲ್ಲಿ ಬೀಜ ಬಿತ್ತಬೇಕು. ಆರೇಳು ವಾರಗಳ ಸಸಿಗಳನ್ನು ಕುಂಡಕ್ಕೆ 10 ಸೆಂಟಿಮೀಟರ್ ಅಂತರದಲ್ಲಿ ನಾಟಿ ಮಾಡಬೇಕು. 30 ಸೆಂಟಿಮೀಟರ್ ಚೌಕದ ಕುಂಡದಲ್ಲಿ ಒಂಬತ್ತು ಸಸಿಗಳು ಹಿಡಿಯುತ್ತವೆ. ದಿನಕ್ಕೆ ಆರು ಗಂಟೆಯಾದರೂ ಬಿಸಿಲು ಅಗತ್ಯ. ಚಳಿಗಾಲದಲ್ಲಿ ಸೂರ್ಯನು ದಕ್ಷಿಣಕ್ಕೆ ವಾಲುವುದರಿಂದ ದಕ್ಷಿಣಾಭಿಮುಖವಾದ ಗ್ಯಾಲರಿಯು ಇದಕ್ಕೆ ಅನುಕೂಲಕರ.

ಮಣ್ಣು, ಎರೆಗೊಬ್ಬರ ಮತ್ತು ತೆಂಗಿನ ನಾರಿನ ಪುಡಿಯ ಮಿಶ್ರಣ ಸಾಕು. ಅಮೋನಿಯಂ ಸಲ್ಫೇಟ್, ಜಿಪ್ಸಂ ಹಾಗೂ ಸೂಪರ್ ಫಾಸ್ಫೇಟ್‌ಗಳಲ್ಲಿ ಗಂಧಕವಿರುವುದರಿಂದ ಅವುಗಳನ್ನು ಬಳಸಬಾರದು. ಮಣ್ಣು ಒಣಗಿದರೆ ಘಾಟು ಏರುತ್ತದೆ. ಆದುದರಿಂದ ತೇವವನ್ನು ಸಮನಾಗಿ ಕಾಪಾಡಬೇಕು. ಗಡ್ಡೆ ಊದಲು ಆರಂಭಿಸಿದ ಮೇಲೆ ಗೊಬ್ಬರ ನಿಲ್ಲಿಸಬೇಕು. ಇಲ್ಲವಾದರೆ ಕುತ್ತಿಗೆ ದಪ್ಪವಾಗಿ ಗಡ್ಡೆ ಬೇಗ ಕೊಳೆಯುತ್ತದೆ. ಎಲೆಗಳ ಮೇಲೆ ಬೆಳ್ಳಿಯಂತಹ ಗೀರುಗಳು ಕಂಡರೆ ಅದು ಥ್ರಿಪ್ಸ್ ನುಸಿಯ ಬಾಧೆ. ಬೇವಿನೆಣ್ಣೆಯ ದ್ರಾವಣವನ್ನು ಸಂಜೆ ಸಿಂಪಡಿಸಬೇಕು.

ವಹಿಸಬೇಕಾದ ಎಚ್ಚರಿಕೆ

ಒದ್ದೆ ಮಣ್ಣು ತುಂಬಿದ ಮೇಲಿನ ಅಳತೆಯ ಕುಂಡವೊಂದು 20 ರಿಂದ 30 ಕಿಲೋಗ್ರಾಂ ತೂಗಬಹುದು. ಹಳೆಯ ಕಟ್ಟಡಗಳ ಮರದ ಗ್ಯಾಲರಿ ಅಥವಾ ಹೊರಚಾಚಿದ ಸಜ್ಜೆಯ ಮೇಲೆ ಇಂತಹ ಕುಂಡಗಳ ಸಾಲನ್ನು ಇಡುವುದು ಅಪಾಯಕರ. ಗೋಡೆಯ ಪಕ್ಕದ ಭದ್ರವಾದ ನೆಲದಲ್ಲಿ ಹಗುರವಾದ ಚೀಲಗಳನ್ನು ಬಳಸುವುದು ಲೇಸು. ದಾರಿಯ ಕಡೆಗೆ ವಾಲಿದ ಕಟ್ಟೆಯಲ್ಲಿ ಯಾವ ಕುಂಡವನ್ನೂ ಇಡಬಾರದು. ಕುಂಡದಡಿಯ ತಟ್ಟೆಯಲ್ಲಿ ನಿಂತ ನೀರಿನಲ್ಲಿ ಡೆಂಗ್ಯೂ ಹರಡುವ ಸೊಳ್ಳೆಗಳು ಮೊಟ್ಟೆಯಿಡುವುದರಿಂದ, ತಟ್ಟೆಯನ್ನು ಆಗಾಗ್ಗೆ ಬರಿದು ಮಾಡಿ ಉಜ್ಜಿ ತೊಳೆಯಬೇಕು.

ಕೊಯ್ಲು

ಮಾರ್ಚ್ ಅಂತ್ಯದ ಹೊತ್ತಿಗೆ ಎಲೆಗಳು ಹಳದಿಯಾಗಿ ಕುತ್ತಿಗೆ ಬಾಗತೊಡಗುತ್ತದೆ. ಆಗ ನೀರು ನಿಲ್ಲಿಸಿ, ಅರ್ಧದಷ್ಟು ಗಿಡಗಳು ಒರಗಿದ ಮೇಲೆ ಗಡ್ಡೆ ಕೀಳಬೇಕು. ಎಲೆಸಹಿತ ನೆರಳಿನಲ್ಲಿ ಒಣಗಿಸಿ, ಜಡೆ ಹೆಣೆದು, ಗಾಳಿಯಾಡುವೆಡೆ ತೂಗುಹಾಕಬೇಕು. ನೀರಿನಂಶ ಹೆಚ್ಚಿರುವ ಸಿಹಿ ಈರುಳ್ಳಿ ಬಹುಕಾಲ ಉಳಿಯದು. ಮಳೆ ಬರುವ ಮುನ್ನವೇ ಬಳಸುವುದು ಉತ್ತಮ. ನಾಲ್ಕು ಕುಂಡಗಳಿಂದ ದೊರೆಯುವ ಮೂವತ್ತಾರು ಗಡ್ಡೆಗಳು ಮನೆಯ ವರ್ಷದ ಅಗತ್ಯವನ್ನು ಪೂರೈಸಲಾರವು. ಆದರೆ ಬೇಸಿಗೆಯ ಊಟದಲ್ಲಿ ಮಕ್ಕಳೂ ಹಸಿಯಾಗಿ ತಿನ್ನಬಲ್ಲ ಕೋಸಂಬರಿಗೆ ಅವು ಧಾರಾಳವಾಗಿ ಸಾಕು.