ಅರಿಶಿನ ಮಾತ್ರೆಯಾದಾಗ

ಮಂಡಿನೋವಿಗೆಂದು ಚಳ್ಳಕೆರೆಯಲ್ಲಿ ಅರಿಶಿನದ ಮಾತ್ರೆ ಕೊಂಡಿದ್ದೇನೆ, ಬಿ.ಪಿ. ಮಾತ್ರೆಯ ಜೊತೆಗೆ ನುಂಗಬಹುದೇ ಎಂದು ನನ್ನಿವಾಳದ ಓದುಗರೊಬ್ಬರು ಕೇಳಿದ್ದಾರೆ. ಹುಟ್ಟಿದಾಗಿನಿಂದ ತಿಂದದ್ದೇ ಅಲ್ಲವೇ, ಏನಾದೀತು ಎಂಬ ಧೈರ್ಯವೂ ಅವರ ಮಾತಿನಲ್ಲಿದೆ.

ಲೆಕ್ಕ ನೋಡೋಣ. ನೂರು ಗ್ರಾಂ ಅರಿಶಿನದ ಪುಡಿಯಲ್ಲಿ ಅದರ ಹಳದಿ ಸತ್ವವಾದ ಕರ್ಕ್ಯುಮಿನ್ ಇರುವುದು ಸುಮಾರು 3 ಗ್ರಾಂ. ಶೇ. 95ರ ಸಾರವೆಂದು ಬರೆದ 500 ಮಿಲಿಗ್ರಾಂ ಮಾತ್ರೆಯೊಂದು ಹೆಚ್ಚುಕಡಿಮೆ 16 ಗ್ರಾಂ ಪುಡಿಗೆ ಸಮ. ಅಷ್ಟನ್ನು ಸಾರಿಗೆ ಹಾಕಿದರೆ ಯಾರೂ ಬಾಯಿಗಿಡಲಾರರು.

ಕರ್ಕ್ಯುಮಿನ್ ಅನ್ನು ರಸಾಯನ ವಿಜ್ಞಾನಿಗಳಾದ ವೋಗೆಲ್ ಮತ್ತು ಪೆಲ್ಟಿಯೇ 1815ರಲ್ಲೇ ಬೇರ್ಪಡಿಸಿದ್ದರು. ಪ್ರಯೋಗಾಲಯದ ಜೀವಕೋಶಗಳಲ್ಲಿ ಅದು ಉರಿಯೂತ ತಗ್ಗಿಸುತ್ತದೆ. ತಿಂದಾಗ ಮಾತ್ರ ರಕ್ತ ಸೇರುವುದು ಅತ್ಯಲ್ಪ. ಕರುಳೂ ಲಿವರೂ ಅದನ್ನು ಮಾರ್ಪಡಿಸಿ ಸಾಗಹಾಕುತ್ತವೆ. ಇದಕ್ಕೆ ದಾರಿ ಕಂಡದ್ದು ನಮ್ಮ ಬೆಂಗಳೂರಿನ ಸೇಂಟ್ ಜಾನ್ಸ್ ವೈದ್ಯಕೀಯ ಕಾಲೇಜಿನಲ್ಲಿ. ಶೋಬಾ ಮತ್ತು ಸಂಗಡಿಗರು 1998ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, 2 ಗ್ರಾಂ ಕರ್ಕ್ಯುಮಿನ್ ನುಂಗಿದವರ ರಕ್ತದಲ್ಲಿ ಅದು ಕಂಡೂ ಕಾಣದಷ್ಟಿತ್ತು. ಕಾಳುಮೆಣಸಿನ ಖಾರದ ಅಂಶವಾದ ಪೈಪರಿನ್ 20 ಮಿಲಿಗ್ರಾಂ ಸೇರಿಸಿದಾಗ ದಕ್ಕಿದ ಪ್ರಮಾಣ ಶೇ. 2000ರಷ್ಟು ಏರಿತು. ಕೆಲವೇ ಜನರ ಮೇಲಿನ, ಕೆಲವೇ ಗಂಟೆಗಳ ಪ್ರಯೋಗವಿದು. ಮೊದಲಿದ್ದದ್ದೇ ನಗಣ್ಯವಾದ್ದರಿಂದ ಎಷ್ಟು ಪಟ್ಟು ಏರಿದರೂ ಅದು ಅಲ್ಪವೇ. ಪೈಪರಿನ್ ಬೆರೆಸಿದ ಮಾತ್ರೆಗಳ ಡಬ್ಬಿಗಳ ಮೇಲೆ ರಾರಾಜಿಸುವುದು ಮಾತ್ರ ಆ 2000.

ಪೈಪರಿನ್ ಹೀಗೆ ದಾರಿ ಬಿಡಿಸುವುದು ಲಿವರಿನ ಕಿಣ್ವಗಳನ್ನು ತಡೆದು. ಚೆಕ್‌ಪೋಸ್ಟಿನ ಅಡ್ಡಗಂಬ ಎತ್ತಿದರೆ ಒಂದೇ ಲಾರಿ ದಾಟುತ್ತದೆಯೇ? ಹಿಂದಿದ್ದವೂ ನುಗ್ಗುತ್ತವೆ. ಬಿ.ಪಿ.ಗೆ ಕೊಡುವ ಪ್ರೊಪ್ರನೊಲಾಲ್, ಮೂರ್ಛೆರೋಗದ ಫೆನಿಟಾಯಿನ್ ಪೈಪರಿನ್ ಜೊತೆಗೆ ರಕ್ತದಲ್ಲಿ ಏರುವುದು ಪರೀಕ್ಷೆಗಳಲ್ಲಿ ಕಂಡಿದೆ.

ಇನ್ನು ಲಿವರಿನ ಮಾತು. ಅಮೆರಿಕದ ಲಿವರ್ ತಜ್ಞರ ಜಾಲವೊಂದು 2004ರಿಂದ 2022ರ ನಡುವೆ ಅರಿಶಿನದ ಮಾತ್ರೆಗಳಿಂದ ಲಿವರ್ ಕೆಟ್ಟ 10 ಪ್ರಕರಣಗಳನ್ನು ಗುರುತಿಸಿತು. ಐವರು ಆಸ್ಪತ್ರೆ ಸೇರಿದರು, ಒಬ್ಬರು ತೀರಿಕೊಂಡರು. ಏಳು ಮಂದಿಯಲ್ಲಿ ಒಂದೇ ಬಗೆಯ ಜೀನ್ ರೂಪವಿತ್ತು. ಅಪರೂಪದ ತೊಂದರೆ, ನಿಜ. ಆದರೆ ಆ ಜೀನ್ ತನ್ನಲ್ಲಿದೆಯೇ ಎಂದು ನುಂಗುವವರಿಗೆ ತಿಳಿಯುವ ಬಗೆ ಹೇಗೆ?

ಮಂಡಿನೋವು ತುಸು ತಗ್ಗುತ್ತದೆ ಎನ್ನುವ ಸಣ್ಣ ಅಧ್ಯಯನಗಳಿವೆ. ಜಾಹೀರಾತು ಹೇಳುವಷ್ಟು ಪುರಾವೆ ಇಲ್ಲ. ರಕ್ತ ತೆಳುವಾಗಿಸುವ ಮಾತ್ರೆ ತೆಗೆದುಕೊಳ್ಳುವವರು, ಪಿತ್ತಕೋಶದಲ್ಲಿ ಕಲ್ಲಿರುವವರು ಇದರ ಗೊಡವೆಗೆ ಹೋಗದಿರುವುದೇ ಲೇಸು. ನುಂಗುತ್ತಿರುವಾಗ ಕಣ್ಣು ಹಳದಿಯಾದರೆ, ಮೂತ್ರ ಕಡುಬಣ್ಣಕ್ಕೆ ತಿರುಗಿದರೆ ಕೂಡಲೇ ನಿಲ್ಲಿಸಿ ವೈದ್ಯರನ್ನು ಕಾಣಬೇಕು.

ಸಾರಿನ ಅರಿಶಿನವನ್ನು ಯಾರೂ ಬಿಡಬೇಕಿಲ್ಲ. ಡಬ್ಬಿಯನ್ನು ಮಾತ್ರ, ಬಿ.ಪಿ. ಮಾತ್ರೆಯ ಚೀಟಿಯೊಂದಿಗೆ, ನಿಮ್ಮ ಡಾಕ್ಟರಿಗೆ ತೋರಿಸದೆ ತೆರೆಯಬೇಡಿ.